ಕೆಲಸ ಒಂದೇ ಆದರೂ ಪ್ರೋಟೀನ್ ಯಾಕೆ ಬೇರೆ?

ಎಲ್ಲ ಸಸ್ತನಿಗಳಲ್ಲೂ ವೀರ್ಯಾಣುವಿನ ಕೆಲಸ ಒಂದೇ, ಆದರೆ ಅದರ ಪ್ರೋಟೀನುಗಳು ವಿಕಾಸದಲ್ಲಿ, ಜಾತಿಯಿಂದ ಜಾತಿಗೆ, ಯಾಕೆ ಇಷ್ಟು ಬೇಗ ಬದಲಾಗುತ್ತವೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಎಲ್ಲವೂ ಬದಲಾಗುವುದಿಲ್ಲ. ಅಂಡಕ್ಕೆ ತಾಗುವಂಥವೇ ಜಾಸ್ತಿ. ಇಲ್ಲಿ ಡೊಂಬಿವಲಿಯಲ್ಲಿ ಬಿಎಸ್ಸಿ ಮಕ್ಕಳಿಗೆ ಮೊದಲು ಹಿಸ್ಟೋನ್ ಎಚ್4 ತೋರಿಸುತ್ತೇನೆ, ಅದು ಡಿಎನ್ಎ ಸುತ್ತಿಕೊಳ್ಳುವ ಪ್ರೋಟೀನ್. ಹಸುವಿಗೂ ಬಟಾಣಿಗೂ 102 ಅಮೈನೋ ಆಮ್ಲಗಳಲ್ಲಿ ಎರಡೇ ವ್ಯತ್ಯಾಸ! ಆಮೇಲೆ ಅಂಡದ ಹೊದಿಕೆಗೆ ಅಂಟುವ ವೀರ್ಯಾಣು ಪ್ರೋಟೀನ್ ಜೊನಾಡ್ಹೀಸಿನ್. ಇಲಿ ಮತ್ತು ಮನುಷ್ಯನ ಜೊನಾಡ್ಹೀಸಿನ್‌ನ ಅಮೈನೋ ಆಮ್ಲಗಳ ಸಾಲನ್ನು ಒಂದರ ಕೆಳಗೊಂದು ಇಟ್ಟರೆ ನಡುವೆ ಉದ್ದಕ್ಕೆ ಖಾಲಿ ಜಾಗ. ಇಲಿಯದರಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬಂದಿರುತ್ತದೆ.

ಕಾರಣ ಒಂದಲ್ಲ. ವೀರ್ಯಾಣುಗಳ ನಡುವೆ ಪೈಪೋಟಿ ಇದೆ. ಅಂಡಕ್ಕೋ ಎರಡು ಒಳಗೆ ಬಂದರೆ ಭ್ರೂಣವೇ ಉಳಿಯುವುದಿಲ್ಲ, ಹಾಗಾಗಿ ಅದು ತಡೆ ಒಡ್ಡುತ್ತದೆ. ಅಂಡದ ಹೊದಿಕೆ ಬದಲಾದರೆ ವೀರ್ಯಾಣುವೂ ಬದಲಾಗಬೇಕು, ಅಲ್ವಾ? ಬೇರೆ ಜಾತಿಯ ಅಂಡಕ್ಕೆ ಅಂಟದಿರುವುದೂ ಮುಖ್ಯ. ಜೊನಾಡ್ಹೀಸಿನ್ ತೆಗೆದ ಇಲಿಯ ವೀರ್ಯಾಣು ಹಂದಿ, ಹಸು, ಮೊಲದ ಅಂಡದ ಹೊದಿಕೆಗೂ ಅಂಟಿಕೊಂಡಿತು.

ಒಳಗಿನ ಬಾಗಿಲು, ಅಂದರೆ ಹೊದಿಕೆಯ ಒಳಗಿರುವ ಅಂಡದ ಪೊರೆ, ಅಷ್ಟು ಬಿಗಿಯಲ್ಲ. ಹೊದಿಕೆ ಸುಲಿದ ಹ್ಯಾಮ್‌ಸ್ಟರ್ ಅಂಡದೊಂದಿಗೆ ಮನುಷ್ಯನ ವೀರ್ಯಾಣು ಬೆಸೆದುಕೊಳ್ಳುತ್ತದೆ. ಅಲ್ಲಿ ವೀರ್ಯಾಣುವಿನ ಇಜುಮೋ1 ಎಂಬ ಪ್ರೋಟೀನ್ ಅಂಡದ ಜೂನೋ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಇಜುಮೋ 2005ರಲ್ಲಿ, ಅದರ ಜೋಡಿ ಜೂನೋ 2014ರಲ್ಲಿ ಗೊತ್ತಾಯಿತು. ಈ ಎರಡರ ಅಮೈನೋ ಆಮ್ಲಗಳ ಸಾಲನ್ನೂ ಬೇರೆ ಬೇರೆ ಜಾತಿಗಳಿಂದ ತಂದು ನೀವೇ ಜೋಡಿಸಿ ನೋಡಿ.