ನರ್ಸಿಂಗ್ ಸ್ಟೂಡೆಂಟ್ಸ್ ಟೀಚರ್‌ಗಳಿಗೆ ಕೊಡೋ ಮಾರ್ಕ್ಸ್ ನಂಬಬಹುದಾ?

ಹೊಸದಾಗಿ ಟ್ಯೂಟರ್ ಆಗಿ ಸೇರಿದೀನಿ, ಫೀಡ್‌ಬ್ಯಾಕ್ ಫಾರ್ಮಲ್ಲಿ ಎಲ್ರೂ ಐದಕ್ಕೆ ಐದು ಹಾಕಿದಾರೆ, ನಂಬೋದಾ ಅಂತ ಕೇಳಿದೀರಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಈಗ ಸ್ಟಾಫ್ ನರ್ಸ್ ಆಗಿರೋಳಾಗಿ ಹೇಳ್ತೀನಿ, ಪೂರ್ತಿ ನಂಬಬೇಡಿ.

ಇಂಟರ್ನಲ್ಸ್, ಅಂದ್ರೆ ಕಾಲೇಜಲ್ಲೇ ಹಾಕೋ ಮಾರ್ಕ್ಸ್, ಯಾರ ಕೈಲಿದೆಯೋ ಅವರ ಬಗ್ಗೆ ಯಾರು ನಿಜ ಬರೀತಾರೆ ಹೇಳಿ? ಐಎನ್‌ಸಿಯ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) 2021ರ ಸಿಲಬಸ್‌ನಲ್ಲಿ ಥಿಯರಿಗೆ ನೂರಕ್ಕೆ 25 ಇಂಟರ್ನಲ್, ಪ್ರಾಕ್ಟಿಕಲ್‌ಗೆ ಅರ್ಧಕ್ಕರ್ಧ, ಅಂದ್ರೆ 50. ಹೆಸರು ಬರೀಬೇಡಿ ಅಂತಾರೆ ಸರಿ, ಆದ್ರೆ ಫಾರ್ಮ್ ಹಂಚೋದೂ ಇಸ್ಕೊಳ್ಳೋದೂ ಅದೇ ಮೇಡಂ, ನಮ್ಮ ಕೇರ್ ಪ್ಲಾನ್, ಕೇಸ್ ಸ್ಟಡಿ ಎಲ್ಲಾ ತಿದ್ದಿ ತಿದ್ದಿ ಅವರಿಗೆ ಯಾರ ಅಕ್ಷರ ಯಾವ್ದು ಅಂತ ಬಾಯಿಪಾಠ ಆಗಿರತ್ತೆ. ಜೊತೆಗೆ ಇದು ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲ್‌ಗೆ ಬೇಕಾಗಿರೋ ಕಾಗದ ಅಂತ ಸ್ಟೂಡೆಂಟ್ಸ್‌ಗೂ ಗೊತ್ತು, ಬರೆದ್ಮೇಲೆ ಏನೂ ಬದಲಾಗಿದ್ದನ್ನ ನೋಡಿರಲ್ಲ, ಐದು ಹಾಕಿ ಮುಗಿಸ್ತಾರೆ.

ಇನ್ನೊಂದು ವಿಷ್ಯ, ನನಗೆ ಇದೇ ಜಾಸ್ತಿ ಮುಖ್ಯ ಅನ್ಸೋದು. ಫಾರ್ಮಲ್ಲಿ ಕೇಳೋದೆಲ್ಲಾ ಕ್ಲಾಸ್‌ರೂಮ್ ಬಗ್ಗೆ, ಸಿಲಬಸ್ ಮುಗಿಸಿದ್ರಾ, ಟೈಮಿಗೆ ಬಂದ್ರಾ, ಪಿಪಿಟಿ ಚೆನ್ನಾಗಿತ್ತಾ. ನಾವು ಟೀಚರ್‌ನ ನಿಜವಾಗ್ಲೂ ಅಳೆಯೋದು ವಾರ್ಡಲ್ಲಿ. ಮೊದಲನೇ ಸಲ ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹಾಕೋ ನಳಿಕೆ) ಹಾಕುವಾಗ ಪಕ್ಕದಲ್ಲಿ ನಿಂತಿದ್ರಾ, ಅಥವಾ ಲಾಗ್‌ಬುಕ್‌ಗೆ ಸೈನ್ ಹಾಕಿ ಹೊರಟ್ರಾ? ಪೇಷಂಟ್ ಮುಂದೆನೇ ಬೈದ್ರಾ? ಹಾಗೆ ಬೈಸ್ಕೊಂಡ ಹುಡುಗಿ ಹತ್ರ ಆ ಪೇಷಂಟ್ ಆಮೇಲೆ ಬಿಪಿ ಕೂಡ ನೋಡಿಸ್ಕೊಳ್ಳಲ್ಲ, ಬೇರೆ ಸಿಸ್ಟರ್‌ನ ಕರೀರಿ ಅಂತಾರೆ, ಅವಳು ಆ ವಾರ್ಡಿನ ಪೋಸ್ಟಿಂಗ್ ಮುಗಿಯೋವರೆಗೂ ಆ ಬೆಡ್ ಹತ್ರ ಹೋಗಲ್ಲ. ಸ್ಟ್ರಿಕ್ಟ್ ಇರೋರಿಗೆ ಕಡಿಮೆ ಹಾಕ್ತಾರೆ ಅಂತ ಟೀಚರ್ಸ್ ಹೇಳೋದು ನಾನಂತೂ ಒಪ್ಪಲ್ಲ, ನಮ್ಮ ಬ್ಯಾಚಿನವರು ಇವತ್ತಿಗೂ ನೆನೆಸ್ಕೊಳ್ಳೋದು ಮೆಡಿಸಿನ್ ಕೊಡೋ ಮುಂಚೆ ಡೋಸ್ ಬಾಯಲ್ಲಿ ಹೇಳಿಸ್ತಿದ್ದ ತುಂಬಾ ಕಟ್ಟುನಿಟ್ಟಿನ ಮೇಡಂನೇ. ಹಾಗಂತ ಟೀಚರ್ಸ್‌ದೇ ತಪ್ಪು ಅಂತಲ್ಲ, ಐಎನ್‌ಸಿ ನಾರ್ಮ್ ಪ್ರಕಾರ 10 ಸ್ಟೂಡೆಂಟ್ಸ್‌ಗೆ ಒಬ್ರು ಇರ್ಬೇಕು, ಇಡೀ ಬ್ಯಾಚನ್ನ ಒಬ್ರೇ ಮೂರು ವಾರ್ಡಲ್ಲಿ ನೋಡ್ಕೊಳ್ಳೋ ಕಡೆ ಅವರಾದ್ರೂ ಎಲ್ಲಿ ಅಂತ ನಿಲ್ತಾರೆ ಪಾಪ.

ನಿಮಗೆ ನಿಜ ಬೇಕಂದ್ರೆ ಇಂಟರ್ನಲ್ ಮಾರ್ಕ್ಸ್ ಯೂನಿವರ್ಸಿಟಿಗೆ ಹೋದ್ಮೇಲೆ ಕೇಳಿ, ಬೇರೆ ಡಿಪಾರ್ಟ್‌ಮೆಂಟಿನವರ ಕೈಲಿ ಫಾರ್ಮ್ ಕಲೆಕ್ಟ್ ಮಾಡ್ಸಿ, ಬರೀ ಟಿಕ್ ಹಾಕೋ ತರ ಇಡಿ, ಅಕ್ಷರದ ಭಯ ಇರಲ್ಲ. ವಾರ್ಡ್ ಬಗ್ಗೆನೂ ಕೇಳಿ. ಆಮೇಲೆ ಅವರು ಹೇಳಿದ್ರಲ್ಲಿ ಒಂದನ್ನಾದ್ರೂ ಮುಂದಿನ ಪೋಸ್ಟಿಂಗ್ ಒಳಗೆ ಬದಲಾಯಿಸಿ, ನೀವು ಹೇಳಿದ್ದಕ್ಕೇ ಇದು ಅಂತ ಕ್ಲಾಸಲ್ಲಿ ಹೇಳ್ಬಿಡಿ. ಎರಡನೇ ಸಲ ಅವರು ಬರೆಯೋದೇ ಬೇರೆ ಇರತ್ತೆ.