ಕೋಟೆ ಬಿಡಿ, ಪಕ್ಕದ ಮನೆಯ ಕಥೆ ಬರೆಯಿರಿ

ನಮಸ್ಕಾರ ಮೇಡಂ,

ನಿಮ್ಮ ‘ಕರುಳೆಂಬ ಕೋಟೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಯಾಕಂದರೆ ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ‘ಕರುಳಿನ ಒಳಪದರವು ರಕ್ಷಣಾ ಕೋಶಗಳ ಉಳಿವಿಗೂ ನೆರವಾಗುತ್ತದೆ.’ ಇಷ್ಟು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿಂದ.

ಮೊದಲ ಮೂರು ಪುಟದಲ್ಲಿ ಬರೀ ಕೋಟೆ, ಸೈನಿಕರು, ಶತ್ರುಗಳು, ರಣರಂಗ. ಕೊರೋನಾ ಕಾಲದಲ್ಲಿ ಇಂಥ ಲೇಖನ ವಾರಕ್ಕೆ ನಾಲ್ಕು ಬರುತ್ತಿದ್ದವು. ಹೋಲಿಕೆ ಹಳೆಯದು ಅನ್ನುವುದು ಹಾಗಿರಲಿ, ಅದು ಕೊಡುವ ಚಿತ್ರವೇ ತಪ್ಪು. ಕೋಟೆ ಅಂದಕೂಡಲೇ ಓದುಗರಿಗೆ ಕಲ್ಲಿನ ಗೋಡೆ ಕಾಣುತ್ತದೆ. ಕರುಳಿನ ಒಳಪದರದಲ್ಲಿರುವುದು ಒಂದೇ ಒಂದು ಸಾಲು ಕೋಶ, ಅದರ ಮೇಲೆ ಲೋಳೆ. ಆ ಕೋಶಗಳಲ್ಲೂ ಹೆಚ್ಚಿನವು ನಾಲ್ಕೈದು ದಿನಕ್ಕೆ ಉದುರಿ ಹೊಸವು ಬರುತ್ತವೆ. ಹೋದ ಭಾನುವಾರದ ಊಟ ಕಂಡ ಕೋಶ ಈ ಭಾನುವಾರ ಇರುವುದಿಲ್ಲ. ಜೊತೆಗೆ ಈ ಸಾಲು ಅನ್ನದ ಸಾರವನ್ನು ಒಳಗೆ ಬಿಡಬೇಕು, ರೋಗಾಣುವನ್ನು ಬಿಡಬಾರದು. ಯಾವ ಕೋಟೆಗೆ ಈ ಪಾಡಿದೆ?

ನೀವು ಬಿಟ್ಟ ಕಥೆ ಇದು. ಸಣ್ಣ ಕರುಳಿನ ಒಳಗೆ ಟರ್ಕಿ ಟವೆಲ್‌ನ ಎಳೆಗಳ ಹಾಗೆ ವಿಲ್ಲೈಗಳು ನಿಂತಿರುತ್ತವಲ್ಲ, ಅದರಲ್ಲಿ ಒಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಉದ್ದನೆಯ ಕೋಶಗಳು ಒತ್ತೊತ್ತಾಗಿ ನಿಂತಿವೆ. ಅವುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ದುಂಡಗಿನ ಕೋಶ, ಸುಮಾರು ಹತ್ತಕ್ಕೆ ಒಂದರಂತೆ. ಅವು ಪದರದೊಳಗೇ ಠಿಕಾಣಿ ಹೂಡಿದ ರಕ್ಷಣಾ ಕೋಶಗಳು, ಹೆಚ್ಚಿನವು ಟಿ ಕೋಶ ಎಂಬ ಬಗೆಯ ಬಿಳಿ ರಕ್ತಕಣಗಳು. ಅವನ್ನು ಅಲ್ಲಿ ಬದುಕಿಸಿಟ್ಟಿರುವುದು ಅಕ್ಕಪಕ್ಕದವರೇ. ಒಳಪದರದ ಕೋಶಗಳು ಇಂಟರ್‌ಲ್ಯೂಕಿನ್-15 ಎಂಬ ಪ್ರೋಟೀನನ್ನು ತಮ್ಮ ಮೈಮೇಲೆ ಹಿಡಿದುಕೊಂಡಿರುತ್ತವೆ. ಅದು ಸಿಗದಿದ್ದರೆ ಈ ಟಿ ಕೋಶಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಅವೂ ಉಂಡು ಸುಮ್ನೆ ಕೂರುವುದಿಲ್ಲ. ಪದರಕ್ಕೆ ಗಾಯವಾದರೆ ಹೊಸ ಕೋಶ ಬೆಳೆಸುವ ಪ್ರೋಟೀನನ್ನು ಅವುಗಳಲ್ಲಿ ಕೆಲವು ಹೊರಬಿಡುತ್ತವೆ. ಸಕ್ಕರೆ ಕೊಟ್ಟು ಕಾಫಿಪುಡಿ ಇಸಕೊಳ್ಳುವ ನೆರೆಮನೆಯ ವ್ಯವಹಾರ ಇದು, ಅಲ್ವಾ?

ಇದಕ್ಕೆ ಒಂದು ಒಳ್ಳೆಯ ಪ್ರಯೋಗವೂ ಇದೆ. ಕೇಂಬ್ರಿಜ್ ಹತ್ತಿರದ ಬಾಬ್ರಹಾಂ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ್ದು. ಆರೋಗ್ಯವಾಗಿದ್ದ ಇಲಿಗಳಿಗೆ ಎರಡು ಮೂರು ವಾರ ತರಕಾರಿಯ ಅಂಶವೇ ಇಲ್ಲದ ಆಹಾರ ಕೊಟ್ಟರು. ಪದರದೊಳಗಿನ ಈ ಕೋಶಗಳಲ್ಲಿ ಶೇ 70ರಿಂದ 80ರಷ್ಟು ಕಾಣೆಯಾದವು. ಎಲೆಕೋಸು, ಹೂಕೋಸು, ಬ್ರೊಕೊಲಿ ಜಾತಿಯ ತರಕಾರಿಯಿಂದ ಬರುವ ಒಂದೇ ಒಂದು ರಾಸಾಯನಿಕವನ್ನು ಅದೇ ಆಹಾರಕ್ಕೆ ಬೆರೆಸಿದಾಗ ಕೋಶಗಳು ಉಳಿದವು. ಆ ಕೋಶಗಳಲ್ಲಿ ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನೇ (ರಿಸೆಪ್ಟರ್) ಇದೆ. ಇದನ್ನು ಒಂದು ಪೂರ್ತಿ ಪುಟ ಬರೆಯಿರಿ, ನಾನು ಕತ್ತರಿ ಹಾಕುವುದಿಲ್ಲ. ಆದರೆ ‘ಇಲಿಗಳಲ್ಲಿ’ ಎಂಬ ಪದವನ್ನು ಮರೆಯಬೇಡಿ. ಎಲೆಕೋಸಿನ ಪಲ್ಯ ತಿಂದರೆ ಜ್ವರ ಬರಲ್ಲ ಅಂತ ಯಾರೂ ತೋರಿಸಿಲ್ಲ.

ಇನ್ನು ಅಂಕಿಗಳು. ಕರುಳನ್ನು ಹರಡಿದರೆ ಟೆನಿಸ್ ಅಂಗಳದಷ್ಟು ಅಂದಿದ್ದೀರಿ. ನಾನೂ ಒಂದು ಕಾಲದಲ್ಲಿ ಹಾಗೇ ಬರೆದವನು. ಸ್ವೀಡನ್ನಿನ ಇಬ್ಬರು ಸಂಶೋಧಕರು 2014ರಲ್ಲಿ ಮತ್ತೆ ಅಳೆದು ಲೆಕ್ಕ ಹಾಕಿದರು. ಬಂದದ್ದು 30ರಿಂದ 40 ಚದರ ಮೀಟರ್, ಅಂದರೆ ಅರ್ಧ ಬ್ಯಾಡ್ಮಿಂಟನ್ ಅಂಗಳ. ‘ರೋಗನಿರೋಧಕ ಶಕ್ತಿಯ ಶೇ 70 ಕರುಳಲ್ಲೇ ಇದೆ’ ಅನ್ನುವ ಸಾಲನ್ನೂ ತೆಗೆಯಿರಿ. ಶಕ್ತಿಯನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ? ಬದಲಿಗೆ ತೂಗಬಹುದಾದದ್ದನ್ನು ಹೇಳಿ. ಐಜಿಎ ಎಂಬ ಪ್ರತಿಕಾಯ (ಆಂಟಿಬಾಡಿ) ದಿನಕ್ಕೆ ಕೆಲವು ಗ್ರಾಂ ಕರುಳೊಳಗೆ ಇಳಿಯುತ್ತದೆ. ಅದನ್ನು ತಯಾರಿಸುವ ಕೋಶಗಳು ಪದರದ ಕೆಳಗಿವೆ. ಮೇಲಕ್ಕೆ ದಾಟಿಸುವುದು ಯಾರು? ಅದೇ ಒಳಪದರದ ಕೋಶ. ಕೆಳಗಿನಿಂದ ಎತ್ತಿಕೊಂಡು, ತನ್ನ ಮೈಯೊಳಗಿಂದಲೇ ಸಾಗಿಸಿ, ಆ ಕಡೆ ಇಳಿಸುತ್ತದೆ. ನಿಮ್ಮ ಕೋಟೆ ಗೋಡೆ ಹಮಾಲಿ ಕೆಲಸವನ್ನೂ ಮಾಡುತ್ತದೆ ಅಂದಹಾಗಾಯಿತು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಶ್ಲೇಷ್ಮ’ ಬೇಡ, ಲೋಳೆ ಸಾಕು. ‘ಊಟ ಬಲ್ಲವನಿಗೆ ರೋಗವಿಲ್ಲ’ ಗಾದೆಯಿಂದ ಶುರುಮಾಡುವ ಲೇಖನಗಳದ್ದೇ ನನ್ನ ಮೇಜಿನ ಮೇಲೆ ಒಂದು ಕಟ್ಟಿದೆ. ನೀವು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತೀರಿ ಅಂದಿದ್ದೀರಿ. ಬೋರ್ಡಿನ ಮೇಲೆ ಆ ಒಂದು ಸಾಲು ಕೋಶ ಬರೆದು ಮಕ್ಕಳಿಗೆ ಹೇಗೆ ವಿವರಿಸುತ್ತೀರೋ ಹಾಗೇ ಬರೆಯಿರಿ. ಕೊನೆಯ ಬಾಕ್ಸಿನ ‘ಇಮ್ಯುನಿಟಿ ಹೆಚ್ಚಿಸುವ ಕಷಾಯ’ ಖಂಡಿತ ಬೇಡ. ಕಷಾಯ ಕುಡಿಯಲು ನನ್ನ ತಕರಾರಿಲ್ಲ, ಈ ಲೇಖನದ ಬಾಲವಾಗಿ ಬರುವುದಕ್ಕಿದೆ.

ಮುಂದಿನ ತಿಂಗಳ 10ರೊಳಗೆ ಕಳಿಸಿ, 900 ಪದ ಮೀರದಂತೆ. ಈ ಸಲ ದಯವಿಟ್ಟು ಯುನಿಕೋಡ್‌ನಲ್ಲಿ. ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿದ್ದು ನಮ್ಮಲ್ಲಿ ಒತ್ತಕ್ಷರವೆಲ್ಲ ಒಡೆದು ಬಂತು. ‘ಕರುಳು’ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಊಹಿಸಿ ಓದಬೇಕಾಯಿತು.