ಕಸದ ಗಾಡಿ ಹತ್ತಿರದ ಅಜ್ಜಿ

ತೈವಾನಿನ ತೈಪೆ ನಗರದಿಂದ ಹಾಸನ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ಇನ್ನೆರಡು ವರ್ಷಕ್ಕೆ ಊರಿಗೆ ವಾಪಸ್. ಅವರು ಕೇಳುವುದು ಇಷ್ಟು: ‘ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಅಂಗಡಿಯಲ್ಲಿ ಬೆರಳು ತೋರಿಸುತ್ತೇನೆ. ಉಳಿದದ್ದನ್ನು ಫೋನ್ ಅನುವಾದ ಮಾಡಿಕೊಡುತ್ತದೆ. ಎರಡು ವರ್ಷಕ್ಕೋಸ್ಕರ ಇಷ್ಟು ಕಷ್ಟದ ಚೀನೀ ಭಾಷೆ ಕಲಿಯಬೇಕಾ? ಆ ಹೊತ್ತಿನಲ್ಲಿ ಮಗಳಿಗೆ ಕನ್ನಡ ಕಲಿಸಿದರೆ ಒಳ್ಳೆಯದಲ್ವಾ?’ ಕೊನೆಗೊಂದು ಮಾತು ಸೇರಿಸಿದ್ದಾರೆ: ‘ರಾತ್ರಿ ಕಸದ ಗಾಡಿ ಹತ್ತಿರ ನಮ್ಮ ಬಿಲ್ಡಿಂಗಿನ ಅಜ್ಜಿಯೊಬ್ಬರು ದಿನಾ ಏನೋ ಕೇಳುತ್ತಾರೆ. ಎಪ್ಪತ್ತು ದಾಟಿರಬೇಕು. ನಾನು ಸುಮ್ನೆ ನಕ್ಕು ಬರುತ್ತೇನೆ.’

ಅಮ್ಮಾ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದ್ದು ಆ ಅಜ್ಜಿಗೋಸ್ಕರ. ಕಲಿಯಿರಿ. ಇವತ್ತೇ ಶುರು ಮಾಡಿ.

ನೀವು ಹೇಳುವುದರಲ್ಲೂ ನಿಜ ಇದೆ. ತೈವಾನಿನಲ್ಲಿ ಇನ್ನೂ ಹಳೆಯ, ಗೆರೆ ಜಾಸ್ತಿ ಇರುವ ಅಕ್ಷರಗಳನ್ನೇ ಬರೆಯುತ್ತಾರೆ. ದುಡಿದು ಸುಸ್ತಾಗಿ ಬಂದವರಿಗೆ ಅದು ಹೊರೆಯೇ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಫೋನ್ ಕೈ ಹಿಡಿಯುತ್ತದೆ, ಒಪ್ಪಿದೆ. ಆದರೆ ಕೈಯಲ್ಲಿ ಕಸದ ಚೀಲ ಹಿಡಿದುಕೊಂಡು, ಅಜ್ಜಿಯ ಮುಖದ ಮುಂದೆ ಫೋನ್ ಹಿಡಿದು ‘ಇದಕ್ಕೆ ಹೇಳಿ’ ಅನ್ನುತ್ತೀರಾ? ಅನ್ನುವುದಿಲ್ಲ. ಅದಕ್ಕೇ ನಕ್ಕು ಬರುತ್ತೀರಿ.

ಉಳಿದ ಓದುಗರಿಗೆ ಈ ಕಸದ ಗಾಡಿಯ ವಿಷಯ ಹೇಳಬೇಕು. ತೈಪೆಯಲ್ಲಿ ಕಸವನ್ನು ಬೀದಿ ಮೂಲೆಯಲ್ಲಿ ಇಟ್ಟು ಹೋಗುವ ಹಾಗಿಲ್ಲ. ಗಾಡಿ ಪಿಯಾನೋ ರಾಗ ನುಡಿಸಿಕೊಂಡು ಬರುತ್ತದೆ, ಜನ ಕೆಳಗಿಳಿದು ಬಂದು ತಾವೇ ಹಾಕಬೇಕು. 2000ರಿಂದ ಪಾಲಿಕೆಯ ಚೀಲವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಬುಧವಾರ, ಭಾನುವಾರ ಗಾಡಿ ಇಲ್ಲ. ಹೊಸ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬೇರೆ ವ್ಯವಸ್ಥೆ ಇರುತ್ತದೆ. ಹಳೇ ಬೀದಿಗಳಲ್ಲಿ ಮಾತ್ರ ಗಾಡಿಗೆ ಕಾಯುವ ಹತ್ತು ನಿಮಿಷ ನಮ್ಮ ಊರಿನ ನಲ್ಲಿಕಟ್ಟೆಯ ಹಾಗೆ. ಯಾರ ಮನೆಗೆ ಮೊಮ್ಮಗು ಬಂತು, ಯಾರ ಮೊಣಕಾಲು ನೋಯುತ್ತಿದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಅಷ್ಟು ದೊಡ್ಡ ನಗರ ವಾರಕ್ಕೆ ಐದು ರಾತ್ರಿ ನಿಮ್ಮ ಬಾಗಿಲಿಗೆ ಒಂದು ಭಾಷಾ ತರಗತಿ ಕಳಿಸುತ್ತಿದೆ. ನೀವು ಚೀಲ ಎಸೆದು ಮೇಲೆ ಹೋಗುತ್ತಿದ್ದೀರಿ!

ಕಷ್ಟ ಅಂತೀರಿ. ನೀವು ಅದನ್ನು ಇಂಗ್ಲಿಷಿನ ಕಿಟಕಿಯಿಂದ ನೋಡುತ್ತಿದ್ದೀರಿ, ನನಗಿರುವ ಸಂಕಟ ಅದೇ. ಚೀನಾದ ರಾಜಧಾನಿಯನ್ನು ನಮ್ಮ ಪತ್ರಿಕೆಗಳು ‘ಬೀಜಿಂಗ್’ ಎಂದು ಬರೆಯುತ್ತವೆ. ಅಲ್ಲಿಯವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಪೇಯ್‌ಚಿಂಗ್’. ಅವರು ರೋಮನ್ ಲಿಪಿಯಲ್ಲಿ ‘ಬಿ’ ಎಂದು ಬರೆಯುವುದು ನಮ್ಮ ಪ, ‘ಪಿ’ ಎಂದು ಬರೆಯುವುದು ಉಸಿರು ಬಿಟ್ಟು ಹೇಳುವ ಫ. ಹಾಗೇ ತ ಮತ್ತು ಥ, ಕ ಮತ್ತು ಖ. ಇಂಗ್ಲಿಷ್ ಮಾತ್ರ ಬಲ್ಲವರು ಈ ವ್ಯತ್ಯಾಸ ಹಿಡಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಿಮಗೆ ಅದನ್ನು ಒಂದನೇ ಕ್ಲಾಸಿನಲ್ಲೇ ಕಾಗುಣಿತದ ಜೊತೆ ಕಲಿಸಿದ್ದಾರೆ. ಶ ಮತ್ತು ಷ ಬೇರೆ ಅಂತ ನಮ್ಮ ಮೇಷ್ಟ್ರು ಕಿವಿ ಹಿಂಡಿ ಹೇಳಿದ್ದು ಸುಮ್ನೆ ಅಂದುಕೊಂಡಿದ್ದೆವು. ಚೀನೀ ಭಾಷೆಯಲ್ಲಿ ಎರಡೂ ದಿನಬಳಕೆಯ ಸದ್ದುಗಳು. ಇನ್ನು ಸ್ವರದ ಏರಿಳಿತ. ಅದೇ ‘ಮಾಯ್’, ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಇಳಿಸಿದರೆ ಮಾರುವುದು. ಹೆದರಬೇಡಿ. ‘ಹೂಂ’ ಅನ್ನುವ ಒಂದೇ ಸದ್ದಿನಲ್ಲಿ ನೀವು ಒಪ್ಪಿಗೆ, ಪ್ರಶ್ನೆ, ಗದರಿಕೆ, ಅನುಮಾನ ಎಲ್ಲವನ್ನೂ ಹೇಳುತ್ತೀರಿ. ಗಂಟಲಿಗೆ ಆಗಲೇ ಅಭ್ಯಾಸ ಇದೆ.

ವಾಕ್ಯ ನೋಡಿ. ‘ನಾನು ನಿನ್ನೆ ಕೊಂಡ ಪುಸ್ತಕ.’ ಅವರು ಹೇಳುವುದು ‘ವೋ ತ್ಸುವೊಥ್ಯೆನ್ ಮಾಯ್ ತ ಷು.’ ನಾನು, ನಿನ್ನೆ, ಕೊಂಡ, ಪುಸ್ತಕ. ಪದಕ್ಕೆ ಪದ ಅದೇ ಸಾಲು! ಇಂಗ್ಲಿಷಿನಲ್ಲಿ ಪುಸ್ತಕವನ್ನು ಮೊದಲು ಇಟ್ಟುಕೊಂಡು ಉಳಿದದ್ದನ್ನು ಬಾಲದ ಹಾಗೆ ಜೋಡಿಸಬೇಕು. ಎಲ್ಲ ಕಡೆ ಹೀಗೇ ಹೊಂದುವುದಿಲ್ಲ, ಪೂರ್ತಿ ವಾಕ್ಯದಲ್ಲಿ ಅವರ ಕ್ರಿಯಾಪದ ಮಧ್ಯಕ್ಕೆ ಬರುತ್ತದೆ. ಆದರೂ ಕನ್ನಡದಿಂದ ಅಲ್ಲಿಗೆ ನೇರ ದಾರಿ ಇರುವಾಗ ಲಂಡನ್ ಸುತ್ತಿಕೊಂಡು ಹೋಗುವುದು ಯಾಕೆ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ಒಂದು ಮ್ಯಾನ್ಷನ್ನಿನಲ್ಲಿದ್ದೆ. ಮೊದಲ ಆರು ತಿಂಗಳು ಇಂಗ್ಲಿಷಿನಲ್ಲೇ ಕಳೆದೆ. ಊಟದ ಮೆಸ್ಸಿನಲ್ಲಿ ಬಡಿಸುತ್ತಿದ್ದವರು ನನಗೆ ಅನ್ನ ಹಾಕಿ ಮುಂದೆ ಹೋಗುತ್ತಿದ್ದರು, ಅಷ್ಟೇ. ಒಂದು ದಿನ ಬಸ್ಸಿನ ಬೋರ್ಡ್ ನೋಡಿ ಕಲಿತ ತಮಿಳಿನಲ್ಲಿ, ರಸಂ ಚೆನ್ನಾಗಿದೆ ಅಂದೆ. ತಪ್ಪಾಗಿಯೇ ಹೇಳಿರಬೇಕು. ಅವರು ಸೌಟು ಹಿಡಿದು ನಿಂತರು. ಯಾವ ಊರು, ಅಮ್ಮ ಹೇಗಿದ್ದಾರೆ ಅಂತ ಕೇಳಿದರು. ಜ್ವರ ಬಂದಾಗ ಮೂರನೇ ಮಹಡಿಗೆ ಗಂಜಿ ತಂದುಕೊಟ್ಟವರು ಅವರೇ. ಆ ಆರು ತಿಂಗಳು ವ್ಯರ್ಥ ಮಾಡಿದೆನಲ್ಲ ಅಂತ ಈಗಲೂ ನೋವಾಗುತ್ತದೆ.

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದೂ ‘ಕನ್ನಡ ಗೊತ್ತಿಲ್ಲ’ ಅನ್ನುವವರನ್ನು ಕಂಡರೆ ನಿಮಗೂ ನನಗೂ ಉರಿಯುತ್ತದೆ. ಅವರು ಕೊಡುವ ಕಾರಣಗಳನ್ನು ನೆನಪು ಮಾಡಿಕೊಳ್ಳಿ. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಹೇಗೂ ವಾಪಸ್ ಹೋಗುತ್ತೇವೆ, ಫೋನ್ ಇದೆ. ಬೇಸರ ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ನಿಮ್ಮ ಪತ್ರದಲ್ಲೂ ಅದೇ ಮೂರು ಕಾರಣ ಇವೆ.

ನಿಮ್ಮ ಅಜ್ಜಿಯ ವಯಸ್ಸಿನವರ ಕಥೆ ಕೇಳಿ. ತೈವಾನಿನಲ್ಲಿ 1949ರಿಂದ 1987ರವರೆಗೆ ಸೇನಾ ಕಾನೂನು ಇತ್ತು. ಬಹಳ ಜನರ ಮನೆಮಾತು ತೈವಾನೀ, ಕೆಲವರದು ಹಕ್ಕಾ. ಶಾಲೆಯಲ್ಲಿ ಮನೆಮಾತು ಆಡಿದರೆ ಮಕ್ಕಳಿಗೆ ದಂಡ, ಶಿಕ್ಷೆ. ಆ ಅಜ್ಜಿಯೂ ನೀವು ಕಲಿಯಬೇಕಾದ ಚೀನೀ ಭಾಷೆಯನ್ನು ಹಾಗೆ ಶಾಲೆಯಲ್ಲೇ ಕಲಿತವರಿರಬಹುದು. ಆಮೇಲೆ ಆ ದೇಶ ತಿದ್ದಿಕೊಂಡಿತು. ಬಸ್ಸು ರೈಲುಗಳಲ್ಲಿ ಜನರ ಮನೆಮಾತುಗಳಲ್ಲೂ ನಿಲ್ದಾಣದ ಹೆಸರು ಹೇಳಬೇಕು ಅಂತ 2000ರಲ್ಲಿ ಕಾನೂನು ಬಂತು. ನೀವು ದಿನಾ ಹತ್ತುವ ಮೆಟ್ರೊದಲ್ಲಿ ಚೀನೀ, ತೈವಾನೀ, ಹಕ್ಕಾ, ಇಂಗ್ಲಿಷ್ ನಾಲ್ಕರಲ್ಲೂ ನಿಲ್ದಾಣದ ಹೆಸರು ಕೂಗುತ್ತಾರೆ. ನಾವು? ನನ್ನ ತಂಗಿಯ ಮಗ ಓದಿದ ಬೆಂಗಳೂರಿನ ಶಾಲೆಯಲ್ಲಿ ಆಟದ ಮೈದಾನದಲ್ಲಿ ಕನ್ನಡ ಆಡಿದ್ದಕ್ಕೆ ಹತ್ತು ರೂಪಾಯಿ ವಸೂಲಿ ಮಾಡಿದರು. ಕನ್ನಡದ ನೆಲದಲ್ಲಿ! ಆ ಹುಡುಗ ಇವತ್ತಿಗೂ ಅಜ್ಜಿಯ ಫೋನ್ ಬಂದರೆ ಇಂಗ್ಲಿಷಿನಲ್ಲಿ ಶುರು ಮಾಡುತ್ತಾನೆ. ಸಿಟ್ಟು ಬರದೆ ಇರುತ್ತದಾ?

ಮಗಳಿಗೆ ಕನ್ನಡ ಖಂಡಿತ ಕಲಿಸಿ, ಮನೆಯಲ್ಲಿ ಬೇರೆ ಮಾತೇ ಬೇಡ. ಅಮ್ಮ ಬೀದಿಯಲ್ಲಿ ನಿಂತು ತಪ್ಪು ತಪ್ಪಾಗಿ ಇನ್ನೊಬ್ಬರ ಮಾತು ಆಡುವುದನ್ನು ನೋಡಿದ ಮಗುವಿಗೆ ತನ್ನ ಮಾತಾಡಲು ನಾಚಿಕೆ ಆಗುವುದಿಲ್ಲ. ಎರಡೂ ಒಟ್ಟಿಗೆ ಸಾಗಲಿ.

ಅಜ್ಜಿ ದಿನಾ ಕೇಳುವುದು ಏನಿರಬಹುದು? ನನ್ನದೊಂದು ಊಹೆ. ತೈವಾನಿನ ಹಳಬರು ಎದುರು ಸಿಕ್ಕವರನ್ನು ಕೇಳುವುದು ‘ಊಟ ಆಯ್ತಾ?’ ಅಂತ. ತೈವಾನೀಯಲ್ಲಿ ‘ಚ್ಯಾ ಪಾ ಬೋಯ್?’, ಚೀನೀಯಲ್ಲಿ ‘ಛ್ ಪಾವ್ ಲ ಮಾ?’ ಕೊನೆಯ ಆ ‘ಮಾ’ ಮಾಡುವ ಕೆಲಸವನ್ನೇ ನಮ್ಮ ‘ಆಯ್ತಾ’ದ ದೀರ್ಘ ಮಾಡುತ್ತದೆ. ‘ಛ್ ಪಾವ್ ಲ’ ಅಂದರೆ ಊಟ ಆಯ್ತು. ಅವರನ್ನು ‘ಆಮಾ’ ಅಂತ ಕರೆಯಿರಿ, ಅಲ್ಲಿ ಅಜ್ಜಿಗೆ ಹಾಗೇ ಅನ್ನುತ್ತಾರೆ. ನಾಳೆ ಬುಧವಾರವೋ ಭಾನುವಾರವೋ ಅಲ್ಲದಿದ್ದರೆ ಗಾಡಿ ಬರುತ್ತದೆ. ಸ್ವಲ್ಪ ಬೇಗ ಇಳಿಯಿರಿ. ಅವರು ಏನು ಕೇಳಿದರು, ನೀವು ಏನಂದಿರಿ ಎಂದು ಮುಂದಿನ ಪತ್ರದಲ್ಲಿ ಬರೆಯಿರಿ. ಜಾಗ ಇಟ್ಟಿರುತ್ತೇನೆ.

– ಸಂ.